ತೆರಿಗೆ ಲೆಕ್ಕದವನ ಕೂಲಿ

ಈ ವೃತ್ತಿಗೆ ಹೊಸದಾಗಿ ಬಂದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಯ್ದೆಯ ಬಗ್ಗೆ ಅದೂ ಇದೂ ಕೇಳುತ್ತಾರೆ. ಕಾಫಿ ಕುಡಿದು, ಎದ್ದು, ಚಪ್ಪಲಿ ಮೆಟ್ಟಿಕೊಳ್ಳುವಾಗ, ಯಾವುದನ್ನು ಕೇಳಲು ಬಂದಿದ್ದರೋ ಅದನ್ನು ಕೇಳುತ್ತಾರೆ: "ಸರ್, ಫೀಸು ಎಷ್ಟು ಹೇಳಬೇಕು?"

ಕಾಯ್ದೆಗೆ ಪುಸ್ತಕವಿದೆ, ಈ ಪ್ರಶ್ನೆಗೆ ಇಲ್ಲ. ನನಗೆ ಇದನ್ನು ಕಲಿಸಿದವರಲ್ಲಿ ಒಬ್ಬರು ನನ್ನ ಹಿರಿಯರು. ಅವರು ಕಲಿಸಿದ್ದನ್ನು ಬಿಡಲು ನನಗೆ ಬಹಳ ದಿನ ಹಿಡಿಯಿತು. ಉಳಿದ ಇಬ್ಬರು ನನ್ನ ಕಕ್ಷಿಗಾರರು. ಒಬ್ಬರು ಸಿರುಗುಪ್ಪದ ಅಕ್ಕಿ ಗಿರಣಿಯವರು, ಇನ್ನೊಬ್ಬರು ಕುರುಗೋಡಿನ ಶೇಂಗಾ ಮಿಷನ್ನಿನ ಯಜಮಾನಿ. ಫೀಸು ಕೊಡುವವರೇ ಫೀಸು ಕೇಳುವುದನ್ನು ಕಲಿಸಿದರು ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಬಳ್ಳಾರಿ ಆಗ ಮದ್ರಾಸು ಪ್ರಾಂತ್ಯದಲ್ಲಿತ್ತು. ಯುದ್ಧ ನಡೆದಿತ್ತು. ಹತ್ತಿ, ಶೇಂಗಾ, ಭತ್ತ ಯಾವುದರ ಬೆಲೆ ನೋಡಿದರೂ ಏರುತ್ತಿತ್ತು; ಬೆಲೆ ಏರಿದ ಹಿಂದೆಯೇ ತೆರಿಗೆಯೂ ಏರಿತು. ಅಲ್ಲಿಯವರೆಗೆ ಇನ್ಕಂಟ್ಯಾಕ್ಸು ಎಂದರೆ ದೊಡ್ಡ ಸಾಹುಕಾರರ ತಲೆನೋವು ಎಂದುಕೊಂಡಿದ್ದ ಸಣ್ಣ ವ್ಯಾಪಾರಿಗಳ ಮನೆಗೂ ಇಂಗ್ಲಿಷಿನ ನೋಟಿಸುಗಳು ಬರತೊಡಗಿದವು. ಓದಲು ಬಾರದ ಕಾಗದ, ಕೆಳಗೆ ಸರ್ಕಾರದ ಮೊಹರು. ಅದನ್ನು ಪಂಚೆಯ ಸೆರಗಿನಲ್ಲಿ ಸುತ್ತಿಕೊಂಡು ಅವರು ಸತ್ಯನಾರಾಯಣಪೇಟೆಗೆ, ಶೇಷಗಿರಿರಾಯರ ಮನೆಗೆ ಬರುತ್ತಿದ್ದರು. ರಾಯರ ಮನೆಯ ಮುಂದಿನ ಪಡಸಾಲೆಯೇ ಕಚೇರಿ. ನಾನು ಅಲ್ಲಿ ಗುಮಾಸ್ತೆ. ತಿಂಗಳಿಗೆ ಹದಿನೆಂಟು ರೂಪಾಯಿ.

ರಾಯರು ದೊಡ್ಡ ಬುದ್ಧಿವಂತರು. ಅಧಿಕಾರಿಗೆ ಬರೆಯುವ ಪತ್ರದಲ್ಲಿ ಒಂದು ಮಾತು ಹೆಚ್ಚಿಲ್ಲದಂತೆ, ಒಂದು ಕಡಿಮೆಯಿಲ್ಲದಂತೆ ಬರೆಯುವುದನ್ನು ನಾನು ಅವರಿಂದಲೇ ಕಲಿತೆ. ಆದರೆ ಫೀಸಿನ ವಿಷಯದಲ್ಲಿ ಅವರದೇ ಒಂದು ಪದ್ಧತಿಯಿತ್ತು. ಮೊದಲು ಏನೂ ಹೇಳುತ್ತಿರಲಿಲ್ಲ. ಬಂದವನ ನೋಟಿಸನ್ನು ಓದಿ, ಕನ್ನಡಕ ತೆಗೆದು, ಸ್ವಲ್ಪ ಹೊತ್ತು ಹೊರಗೆ ನೋಡಿ, ಒಂದು ಮೊತ್ತ ಹೇಳುತ್ತಿದ್ದರು. ಅದು ಫೀಸಲ್ಲ, ಅವನ ಮೇಲೆ ಬೀಳಬಹುದಾದ ಅತಿ ದೊಡ್ಡ ತೆರಿಗೆ. ಬಂದವನ ಬಾಯಿ ಒಣಗುತ್ತಿತ್ತು. ತಿಂಗಳೆರಡು ತಿಂಗಳ ಮೇಲೆ ನಿಜವಾದ ತೆರಿಗೆಯ ಆದೇಶ ಬಂದಾಗ ಅವನನ್ನು ಕರೆಸಿ, ಮೊದಲು ಹೇಳಿದ ಮೊತ್ತಕ್ಕಿಂತ ಉಳಿದದ್ದರಲ್ಲಿ ಕಾಲು ಭಾಗವನ್ನು ಫೀಸಾಗಿ ಕೇಳುತ್ತಿದ್ದರು. ಅವನು ಕೈಮುಗಿದು ಕೊಟ್ಟು ಹೋಗುತ್ತಿದ್ದ.

"ಪಂಪಾಪತಿ, ಮನುಷ್ಯ ಹಗುರಾದ ಹೊತ್ತಿನಾಗ ಕೇಳಬೇಕೋ. ಆಗ ಅವನ ಕೈ ತಾನಾಗೇ ಜೇಬಿಗೆ ಹೋಗ್ತದ," ಎನ್ನುತ್ತಿದ್ದರು.

ಅವರ ಪದ್ಧತಿಗೆ ಮೊದಲ ಪೆಟ್ಟು ಕೊಟ್ಟವನು ನಾನೇ, ಅದೂ ದಡ್ಡತನದಿಂದ. ಹತ್ತಿ ವ್ಯಾಪಾರದ ಶೆಟ್ಟರೊಬ್ಬರು ಬಂದಿದ್ದರು. ರಾಯರು ಅವರಿಗೆ ಐದು ಸಾವಿರ ಬರಬಹುದು ಎಂದು ಹೇಳಿ ಮುಗಿಸಿದ್ದರು. ನಾನು ಒಳಗೆ ಶೆಟ್ಟರ ಲೆಕ್ಕ ಹಾಕುತ್ತಿದ್ದವನು ಹಾಳೆ ಹಿಡಿದುಕೊಂಡು ಬಂದು, ಮುಖದ ತುಂಬ ನಗುತ್ತಾ, "ಒಂಬೈನೂರರ ಮ್ಯಾಲ ಹೋಗಂಗಿಲ್ರೀ ರಾಯರ, ಎರಡು ಸಲ ಕೂಡಿ ನೋಡೀನಿ," ಎಂದುಬಿಟ್ಟೆ. ಶೆಟ್ಟರು ನನ್ನನ್ನು ನೋಡಿದರು, ರಾಯರನ್ನು ನೋಡಿದರು, ಮತ್ತೆ ನನ್ನ ಕೈಯ ಹಾಳೆ ನೋಡಿದರು. ಆ ವರ್ಷ ಅವರು ಕೊಟ್ಟದ್ದು ಇಪ್ಪತ್ತೈದು ರೂಪಾಯಿ.

ರಾಯರು ಎಲ್ಲರ ಎದುರು ಬೈಯಲಿಲ್ಲ. ಶೆಟ್ಟರು ಹೋದ ಮೇಲೆ ಇಷ್ಟೇ ಹೇಳಿದರು: "ಲೆಕ್ಕ ತಪ್ಪಿಲ್ಲಪ್ಪಾ ನಿಂದು. ಹೇಳಿದ ಜಾಗ ತಪ್ಪದ."

ಅಂದು ನನಗೂ ಹಾಗೇ ಅನ್ನಿಸಿತು. ಆದರೆ ಶೆಟ್ಟರ ಮುಖ ಮನಸ್ಸಿನಲ್ಲಿ ಉಳಿಯಿತು. ಕಾಲು ಭಾಗದ ಪದ್ಧತಿಯಲ್ಲಿ ನಮ್ಮ ಗಳಿಕೆ ಕಕ್ಷಿಗಾರನ ಹೆದರಿಕೆಯ ಮೇಲೆ ನಿಂತಿರುತ್ತದೆ. ಅವನು ಎಷ್ಟು ಹೆದರಿದರೆ ನಮಗೆ ಅಷ್ಟು ಒಳ್ಳೆಯದು. ಹೆದರಿ ಬಂದವನನ್ನು ಇನ್ನಷ್ಟು ಹೆದರಿಸಿ ಕೂಡಿಸುವುದು ನನ್ನ ಕೈಲಾಗಲಿಲ್ಲ. ಮೂರು ವರ್ಷದ ಮೇಲೆ ರಾಯರಿಗೆ ನಮಸ್ಕಾರ ಮಾಡಿ, ಬೇರೆ ಕಡೆ ಒಂದು ಕೋಣೆ ಬಾಡಿಗೆ ಹಿಡಿದು ಕೂತೆ. ಅವರೂ ಹರಸಿಯೇ ಕಳಿಸಿದರು.

ಕೂತದ್ದೇನೋ ಆಯಿತು, ಫೀಸು ಕೇಳಲು ಬಾಯಿ ಬರಲಿಲ್ಲ. ಯಾರಾದರೂ "ಎಷ್ಟು ಕೊಡಬೇಕ್ರೀ?" ಎಂದರೆ "ನಿಮ್ಮ ಇಷ್ಟರೀ" ಎನ್ನುತ್ತಿದ್ದೆ. ಅದು ದೊಡ್ಡ ವಿನಯ ಎಂದುಕೊಂಡಿದ್ದೆ. ಮೋಕದ ಶೇಂಗಾ ವ್ಯಾಪಾರಿ ಒಬ್ಬರ ಎರಡು ವರ್ಷದ ಪುಸ್ತಕ ಇಪ್ಪತ್ತು ದಿನ ಕೂತು ತಿದ್ದಿದ್ದೆ. ಅವರು ನನ್ನ ಇಷ್ಟದ ಮಾತು ಕೇಳಿ, ಯೋಚಿಸಿ, ಒಂದು ಚೀಲ ಬದನೆಕಾಯಿ ಕಳಿಸಿದರು. ಮನೆಯಲ್ಲಿ ನನ್ನ ಹೆಂಡತಿ ನಾಲ್ಕು ದಿನ ಎಣ್ಣೆಗಾಯಿ ಮಾಡಿದಳು. ಐದನೆಯ ದಿನ, "ಇನ್ನ ಬಾಡಿಗಿಯವರಿಗೂ ಬದನಿಕಾಯಿನ ಕೊಡೋದೇನು?" ಎಂದಳು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಆಯಿತು. ಒಬ್ಬ ಬಟ್ಟೆ ಅಂಗಡಿಯವರು "ನಿಮ್ಮ ಇಷ್ಟ" ಎಂದದ್ದಕ್ಕೆ ಗಾಬರಿಯಾಗಿ, ಕಡಿಮೆ ಕೊಟ್ಟರೆ ನಾನು ಅಧಿಕಾರಿಗೆ ಏನಾದರೂ ಹೇಳಿಬಿಟ್ಟೇನು ಎಂದು ಹೆದರಿ, ಹೆಂಡತಿಯ ಬಳೆ ಒತ್ತೆಯಿಟ್ಟು ನೂರು ರೂಪಾಯಿ ತಂದುಕೊಟ್ಟರು. ಕೆಲಸ ಹದಿನೈದು ರೂಪಾಯಿಯದ್ದು. ಬಳೆಯ ವಿಷಯ ಬೇರೆಯವರಿಂದ ಗೊತ್ತಾದ ಮೇಲೆ ಎಂಬತ್ತೈದು ರೂಪಾಯಿ ವಾಪಸು ಕೊಟ್ಟೆ. ಅವರು ಅದನ್ನೂ ಅನುಮಾನದಿಂದಲೇ ತೆಗೆದುಕೊಂಡರು. ಫೀಸು ಹೇಳದೆ ಇರುವುದೂ ಹೆದರಿಸುವ ಒಂದು ದಾರಿಯೇ ಎಂದು ನನಗೆ ತಿಳಿದದ್ದು ಆಗ.

ಇಂಥ ಹೊತ್ತಿನಲ್ಲಿ ಸಿರುಗುಪ್ಪದಿಂದ ಹುಸೇನ ಸಾಬರು ಹೇಳಿ ಕಳಿಸಿದರು. ಅವರದು ಅಕ್ಕಿ ಗಿರಣಿ, ಜೊತೆಗೆ ಭತ್ತದ ವ್ಯಾಪಾರ. ಪೆಟ್ರೋಲು ಸಿಗದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಕೂತು, ಎರಡು ಕಡೆ ಇಳಿದು ತಳ್ಳಿ, ಮೈಯೆಲ್ಲ ಮಸಿ ಮಾಡಿಕೊಂಡು ಹೋದೆ. ಗಿರಣಿಯಲ್ಲಿ ಎಂಜಿನ್ನು ಕೆಟ್ಟು ನಿಂತಿತ್ತು. ಆದವಾನಿಯಿಂದ ಮೇಸ್ತ್ರಿ ಬಂದಿದ್ದ. ಸಾಬರು ಅವನೊಡನೆ ಮಾತು ಮುಗಿಸುವ ತನಕ ನನ್ನನ್ನು ತೌಡಿನ ಚೀಲದ ಮೇಲೆ ಕೂಡಿಸಿದರು.

ಮೇಸ್ತ್ರಿ ಎಂಜಿನ್ನು ಮುಟ್ಟುವ ಮೊದಲೇ ಹೇಳುತ್ತಿದ್ದ: ಬಿಚ್ಚಿ ನೋಡಲು ಇಷ್ಟು, ಒಳಗೆ ಸಾಮಾನು ಮುರಿದಿದ್ದರೆ ಅದರ ಕ್ರಯ ಬೇರೆ, ಮೂರು ದಿನದಲ್ಲಿ ಆಗದಿದ್ದರೆ ಬಿಚ್ಚಿದ ಕೂಲಿ ಮಾತ್ರ. ಸಾಬರು ತಲೆಯಾಡಿಸಿದರು. ಅವನು ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡ. ಸಾಬರು ನನ್ನ ಕಡೆ ತಿರುಗಿದರು.

"ಬರ್ರಿ, ಕುಂದರ್ರಿ. ಈಗ ನೀವು ಹೇಳ್ರಿ, ಎಷ್ಟು?"

"ನಿಮ್ಮ ಇಷ್ಟರೀ ಸಾಬರ."

"ನನ್ನ ಇಷ್ಟ ಕೇಳಿದ್ರ ಪುಕ್ಕಟೆ ಮಾಡ್ರಿ ಅಂತೀನಿ," ಎಂದು ನಕ್ಕರು. "ಆ ಮೇಸ್ತ್ರಿ ಹೇಳಿದ್ದು ಕೇಳಿದ್ರಿಲ್ಲ? ಹಂಗ ಹೇಳ್ರಿ. ಏನ್ ಕೆಲಸ ಮಾಡತೀರಿ, ಎಷ್ಟು ದಿನ ಹಿಡೀತೈತಿ, ಕಚೇರಿಗೆ ನೀವ ಹೋಗತೀರೋ ಇಲ್ಲ ನಾ ಬರಬೇಕೋ, ಆಗಲಿಲ್ಲಂದ್ರ ಏನು."

"ಆಗಲಿಲ್ಲಂದ್ರ ಅಂದ್ರ?"

"ನಾಳೆ ಆ ಅಧಿಕಾರಿ ನೀವು ಬರದದ್ದು ಒಪ್ಪಲಿಲ್ಲ ಅನ್ರಿ. ಮ್ಯಾಲ ಹೋಗಬೇಕಂದ್ರ ಅದಕ್ಕ ಬ್ಯಾರೆ ಕೊಡಬೇಕೋ ಹ್ಯಾಂಗ? ಮೊದಲ ಹೇಳಿಬಿಡ್ರಿ. ಅರ್ಧ ದಾರಿಯಾಗ ರೊಕ್ಕ ಕೇಳೋರನ್ನ ಕಂಡ್ರ ನನಗ ಆಗಂಗಿಲ್ಲ."

ನಾನು ಪುಸ್ತಕಗಳನ್ನು ತೋರಿಸಿ ಎಂದೆ. ಕೆಂಪು ಬಟ್ಟೆಯ ಉದ್ದನೆಯ ಪುಸ್ತಕಗಳು, ಮೂರು ವರ್ಷದವು. ಎರಡು ಗಂಟೆ ತಿರುವಿ ಹಾಕಿದೆ. ಪುಸ್ತಕ ಚೊಕ್ಕಟವಾಗಿತ್ತು. ಬೆರಳು ಮಡಚಿ ಎಣಿಸಿ ಹೇಳಿದೆ: ಹತ್ತು ದಿನದ ಕೆಲಸ, ಎರಡು ದಿನ ಕಚೇರಿ. ದಿನಕ್ಕೆ ಮೂರು ರೂಪಾಯಿ. ಬಸ್ಸಿನ ಖರ್ಚು ನಿಮ್ಮದು. ಅಪೀಲಿಗೆ ಹೋಗಬೇಕಾದರೆ ಮತ್ತೆ ಐದು ದಿನದ ಕೂಲಿ. ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಕೆಲಸದ ಬೆಲೆಯನ್ನು ನನ್ನ ಬಾಯಿಂದಲೇ ಹೇಳಿದ್ದೆ.

"ಮೂವತ್ತಾರು ಆತು," ಎಂದರು ಸಾಬರು. ಚೌಕಾಸಿ ಮಾಡುತ್ತಾರೆ ಎಂದು ಕಾದೆ. ಮಾಡಲಿಲ್ಲ. "ಈಗ ಇದನ್ನ ಒಂದು ಕಾಗದದ ಮ್ಯಾಲ ಬರದು ಕೊಡ್ರಿ. ನನಗೂ ನೆನಪಿರತೈತಿ, ನಿಮಗೂ ನೆನಪಿರತೈತಿ."

ಅಂದು ಬರೆದ ಆ ನಾಲ್ಕು ಸಾಲಿನ ಕಾಗದದ ಮಾದರಿಯನ್ನೇ ನಾನು ಕೊನೆಯ ದಿನದವರೆಗೂ ಬಳಸಿದೆ. ಏನು ಮಾಡುತ್ತೇನೆ, ಎಷ್ಟು ದಿನ, ಎಷ್ಟು ಹಣ, ಯಾವುದು ಇದರಲ್ಲಿ ಸೇರಿಲ್ಲ. ಬಳ್ಳಾರಿಯಲ್ಲಿ ಆಗ ಯಾರೂ ಹೀಗೆ ಬರೆದುಕೊಡುತ್ತಿರಲಿಲ್ಲ. ಶೇಷಗಿರಿರಾಯರು ಕೇಳಿ, "ಗಾರೆ ಕೆಲಸದವರ ಹಂಗ ದಿನಗೂಲಿ ಮಾಡಿಕೊಂಡಿಯಲ್ಲೋ," ಎಂದು ನಕ್ಕರಂತೆ. ನಗಲಿ ಎಂದುಕೊಂಡೆ. ಬಾಡಿಗೆ ಸರಿಯಾಗಿ ಹೋಗತೊಡಗಿತ್ತು.

ಯುದ್ಧ ಮುಗಿದು ಸ್ವಾತಂತ್ರ್ಯವೂ ಬಂದು ಒಂದೆರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ನಲವತ್ತೈದರ ಮೇಲಿನ ವಯಸ್ಸು, ಎತ್ತರದ ಆಳು, ತಲೆಯ ಮೇಲೆ ಸೆರಗು. ಹಿಂದೆ ಒಬ್ಬ ಸಣಕಲು ಮನುಷ್ಯ ಗಂಟು ಹೊತ್ತುಕೊಂಡಿದ್ದ.

"ಕುರುಗೋಡಿನ ಹಂಪಮ್ಮ ನಾನು. ಇಂವ ನಮ್ಮ ಗುಮಾಸ್ತ ತಿಪ್ಪಣ್ಣ. ಸಿರುಗುಪ್ಪದ ಹುಸೇನ ಸಾಬರು ನಿಮ್ಮ ಹೆಸರು ಹೇಳಿದ್ರು."

ಕೂತರು. ತಿಪ್ಪಣ್ಣ ಗಂಟು ಬಿಚ್ಚಿ ಪುಸ್ತಕಗಳನ್ನೂ ಅವುಗಳ ಮೇಲೆ ತೆರಿಗೆಯ ಆದೇಶವನ್ನೂ ಇಟ್ಟ. ಹಂಪಮ್ಮನವರ ಗಂಡ ಶೇಂಗಾ ಸುಲಿಯುವ ಮಿಷನ್ನು ಹಾಕಿಸಿದ್ದರು. ಒಂದೂವರೆ ವರ್ಷ ಹಾಸಿಗೆ ಹಿಡಿದು ತೀರಿಕೊಂಡರು. ಆ ಹೊತ್ತಿನಲ್ಲಿ ಬಂದ ಎರಡು ನೋಟಿಸಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಅಧಿಕಾರಿ ಪುಸ್ತಕ ನೋಡದೆ ತಾನೇ ಅಂದಾಜು ಮಾಡಿ, ಮೂರು ಸಾವಿರದ ಎಂಟುನೂರು ರೂಪಾಯಿ ತೆರಿಗೆ ಹಾಕಿದ್ದ. ಕಟ್ಟದಿದ್ದರೆ ಜಪ್ತಿ ಎಂದಿತ್ತು. ಅವರ ಹತ್ತಿರ ಜಪ್ತಿ ಮಾಡುವಂಥದ್ದು ಇದ್ದುದು ಎಂಜಿನ್ನು ಒಂದೇ. ಎರಡು ತಿಂಗಳಲ್ಲಿ ಶೇಂಗಾ ಸುಗ್ಗಿ.

ನಾನು ಪುಸ್ತಕ ನೋಡಿ, ಹದಿನೈದು ದಿನದ ಕೆಲಸ, ದಿನಕ್ಕೆ ಐದು ರೂಪಾಯಿಯಂತೆ ಎಪ್ಪತ್ತೈದು, ಅಪೀಲೂ ಸೇರಿ ಎಂದೆ. ಹಂಪಮ್ಮ ಕೂಡಲೇ ಒಪ್ಪಲಿಲ್ಲ.

"ನಿನ್ನೆ ಸತ್ಯನಾರಾಯಣಪೇಟಿ ರಾಯರ ಹತ್ತಿರ ಹೋಗಿದ್ದೆ. ಫೀಸು ಎಷ್ಟಂತ ಒತ್ತಿ ಕೇಳಿದಮ್ಯಾಲ, ಉಳಿದದ್ದರಾಗ ಕಾಲು ಪಾಲು ಅಂದ್ರು. ಮೂರು ಸಾವಿರ ಉಳಿದ್ರ ಏಳುನೂರಾ ಐವತ್ತು ಆಗತೈತಿ. ನೀವು ನೋಡಿದ್ರ ಎಪ್ಪತ್ತೈದು ಅಂತೀರಿ. ನಿಮ್ಮಿಬ್ಬರಾಗ ಒಬ್ಬರಿಗೆ ಲೆಕ್ಕ ಬರಂಗಿಲ್ಲ."

ತಿಪ್ಪಣ್ಣ ಕೆಮ್ಮಿದ. ನಾನು ಹೇಳಿದೆ: "ಅವರು ಉಳಿದದ್ದಕ್ಕ ಕೂಲಿ ತಗೋತಾರಮ್ಮಾ. ನಾನು ಮಾಡಿದ್ದಕ್ಕ ತಗೋತೀನಿ. ಉಳಿದ್ರೂ ಉಳೀದಿದ್ರೂ ನಂದು ಎಪ್ಪತ್ತೈದ."

"ಅಂದ್ರ ಉಳೀದಿದ್ರೂ ಕೊಡಬೇಕು."

"ಹೌದ್ರಿ. ಅದನ್ನೂ ಕಾಗದದಾಗ ಬರದು ಕೊಡತೀನಿ."

ಅವರು ಎರಡನ್ನೂ ತೂಗಿ ನೋಡಿದರು. ಕಾಲು ಪಾಲಿನಲ್ಲಿ ಗೆಲ್ಲದಿದ್ದರೆ ಏನೂ ಕೊಡಬೇಕಿಲ್ಲ, ಗೆದ್ದರೆ ಹತ್ತು ಪಟ್ಟು. ನನ್ನಲ್ಲಿ ಸೋತರೂ ಎಪ್ಪತ್ತೈದು ಹೋಗುತ್ತದೆ. ಕೊನೆಗೆ, "ಪುಸ್ತಕದಾಗ ನಾವು ಸುಳ್ಳು ಬರದಿಲ್ಲ. ಸೋಲೋದು ಯಾಕ? ನೀವ ಮಾಡ್ರಿ," ಎಂದರು.

"ಈ ಆದೇಶ ನಿಮ್ಮ ಕೈಗೆ ಬಂದು ಎಷ್ಟು ದಿನ ಆತ್ರಿ?" ಎಂದು ಕೇಳಿದೆ. ಅಪೀಲಿಗೆ ಇರುವುದು ಮೂವತ್ತು ದಿನ.

"ಅಮಾಸಿ ಮರುದಿನ ನನ್ನ ಕೈಗೆ ಬಂತು," ಎಂದರು. ಪಂಚಾಂಗ ನೋಡಿ ತಾರೀಖು ಬರೆದುಕೊಂಡೆ. ತಿಪ್ಪಣ್ಣ ಏನೂ ಮಾತಾಡಲಿಲ್ಲ. ನಾನೂ ಅವನನ್ನು ಏನೂ ಕೇಳಲಿಲ್ಲ.

ಕುರುಗೋಡಿಗೆ ಹೋಗಿ ಪುಸ್ತಕ ನೋಡುತ್ತಾ ಕೂತೆ. ಅಧಿಕಾರಿಯ ತಪ್ಪು ಮೂರನೆಯ ದಿನ ಸಿಕ್ಕಿತು. ಮಿಷನ್ನಿನಿಂದ ಹೊರಗೆ ಹೋದ ಅಷ್ಟೂ ಚೀಲಗಳನ್ನು ಅವರ ಸ್ವಂತ ವ್ಯಾಪಾರ ಎಂದೇ ಆತ ಹಿಡಿದಿದ್ದ. ಆದರೆ ಮುಕ್ಕಾಲು ಪಾಲು ಬೇರೆ ರೈತರದ್ದು, ಕೂಲಿಗೆ ಸುಲಿದುಕೊಟ್ಟದ್ದು. ಅದರಲ್ಲಿ ಇವರಿಗೆ ಬಂದದ್ದು ಚೀಲಕ್ಕೆ ಕೆಲವು ಆಣೆ ಮಾತ್ರ.

"ಇದಕ್ಕ ದಾಖಲಿ ಐತೇನ್ರಿ?" ಎಂದೆ.

ಹಂಪಮ್ಮ ಒಳಗೆ ಹೋಗಿ, ಎಣ್ಣೆ ಹಿಡಿದ ಒಂದು ಸಣ್ಣ ಪುಸ್ತಕ ತಂದರು. ತಕ್ಕಡಿಯ ಹತ್ತಿರ ತಾವೇ ಕೂತು, ಯಾರ ಚೀಲ ಎಷ್ಟು, ಕೂಲಿ ಎಷ್ಟು ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು. ಒಂದು ದಿನವೂ ಬಿಟ್ಟಿರಲಿಲ್ಲ. ಗಂಡ ತೀರಿಕೊಂಡ ದಿನದ ಪುಟದಲ್ಲಿ ಮಾತ್ರ "ಮಿಷನ್ ಬಂದ್" ಎಂದಷ್ಟೇ ಇತ್ತು. ಆ ಪುಸ್ತಕ ಕೈಗೆ ಬಂದ ಮೇಲೆ ಗೆದ್ದೆವು ಎಂದೇ ತಿಳಿದೆ. ನಿಧಾನವಾಗಿ, ಚೆನ್ನಾಗಿ ಅಪೀಲು ಬರೆದು, ನನ್ನ ಲೆಕ್ಕದ ಇಪ್ಪತ್ತೇಳನೆಯ ದಿನ ಕಚೇರಿಗೆ ಕೊಟ್ಟು ಬಂದೆ. ಮೂರು ದಿನ ಕೈಯಲ್ಲಿವೆ ಎಂಬ ಹೆಮ್ಮೆ ಬೇರೆ.

ಮರುದಿನ ಕಚೇರಿಯ ಗುಮಾಸ್ತರು ಕರೆದು ಒಂದು ಚೀಟಿ ತೋರಿಸಿದರು. ಆದೇಶ ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡ ಚೀಟಿ. ಕೆಳಗೆ ತಿಪ್ಪಣ್ಣನ ಸಹಿ. ತಾರೀಖು ಅಮಾವಾಸ್ಯೆಗೆ ನಾಲ್ಕು ದಿನ ಮೊದಲಿನದು. ಸರ್ಕಾರದ ಲೆಕ್ಕದಲ್ಲಿ ನಾನು ಅಪೀಲು ಕೊಟ್ಟದ್ದು ಮೂವತ್ತೆರಡನೆಯ ದಿನ.

ಹಂಪಮ್ಮ "ನನ್ನ ಕೈಗೆ" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಮೊದಲು ಯಾರ ಕೈಗೆ ಬಂತು ಎಂದು ಕೇಳುವುದು ನನ್ನ ಕೆಲಸ. ಸಹಿ ಹಾಕಿದವನು ನನ್ನ ಎದುರಿಗೇ ಕೂತಿದ್ದ. ನಾಲ್ಕೇ ಪದದ ಪ್ರಶ್ನೆ ಕೇಳದೆ ಒಬ್ಬರ ಎಂಜಿನ್ನನ್ನು ಜಪ್ತಿಯ ಬಾಯಿಗೆ ತಳ್ಳಿದ್ದೆ.

ದಿಕ್ಕು ತೋಚದೆ ಶೇಷಗಿರಿರಾಯರ ಹತ್ತಿರ ಹೋದೆ. ಅವರು ಎಲ್ಲ ಕೇಳಿ, "ಸಹಿ ತನ್ನದಲ್ಲ ಅಂತ ಆ ಗುಮಾಸ್ತನ ಕಡಿಂದ ಒಂದು ಹೇಳಿಕೆ ಬರಸು. ಕಾಗದ ಮುಟ್ಟಿಸಿದ ಜವಾನ ತಾನೇ ಹಾಕಿಕೊಂಡಾನ ಅಂತ ಆಗ್ತದ. ಯಾರು ನೋಡ್ಯಾರ?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನ್ನನ್ನು ಉಳಿಸಲು ಹೇಳಿದ್ದು. ನಿಜ ಹೇಳಬೇಕೆಂದರೆ, ಕುರುಗೋಡಿನ ಬಸ್ಸು ಹತ್ತುವ ತನಕ ನಾನೂ ಅದನ್ನೇ ಮಾಡುವುದೆಂದುಕೊಂಡಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ಆ ಜವಾನನ ಮುಖ ನೆನಪಾಯಿತು. ಊರೂರು ಸುತ್ತಿ ಕಾಗದ ಮುಟ್ಟಿಸುವ ಮುದುಕ. ನನ್ನ ತಪ್ಪಿಗೆ ಅವನ ನೌಕರಿ ಹೋಗುತ್ತಿತ್ತು.

ಮಿಷನ್ನಿನ ಅಂಗಳದಲ್ಲಿ ಹಂಪಮ್ಮ ಗೋಣಿಚೀಲ ಎಣಿಸುತ್ತಿದ್ದರು. ನಿಂತಲ್ಲೇ ಹೇಳಿಬಿಟ್ಟೆ.

"ಅಮ್ಮಾ, ನನ್ನಿಂದ ತಪ್ಪಾಗೈತಿ. ಅಪೀಲು ಎರಡು ದಿನ ತಡ ಆಗೈತಿ. ಮೊದಲು ಯಾರ ಕೈಗೆ ಕಾಗದ ಬಂತು ಅಂತ ನಾ ಕೇಳಲಿಲ್ಲ."

ಅವರು ಎಣಿಕೆ ನಿಲ್ಲಿಸಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ತಿಪ್ಪಣ್ಣನನ್ನು ಕೂಗಿದರು.

"ತಿಪ್ಪಣ್ಣಾ, ಆ ಕಾಗದಕ್ಕ ಸಹಿ ನೀನ ಹಾಕಿದ್ಯಾ?"

ತಿಪ್ಪಣ್ಣ ಒಂದು ಸಲ ನನ್ನನ್ನು ನೋಡಿದ. "ಹೂಂನ್ರಿ ಅಮ್ಮಾರ. ಅವತ್ತ ನಮ್ಮೂರು ಕರೂರಿನಿಂದ ಸುದ್ದಿ ಬಂದಿತ್ತು, ಅವ್ವಗ ಭಾಳ ಜಡ್ಡಂತ. ಕಾಗದ ಕಿಸೆದಾಗ ಇಟಗೊಂಡು ಹಂಗ ಓಡಿಬಿಟ್ಟೆ. ಅವ್ವ ತುಸು ಚೇತರಿಸಿಕೊಂಡ ಮ್ಯಾಲ ವಾಪಸ್ ಬಂದು ನಿಮಗ ಕೊಟ್ಟೆ. ಐದು ದಿನ ಆಗಿತ್ತು. ಹೇಳಾಕ ಧೈರ್ಯ ಬರಲಿಲ್ರಿ."

"ಇದನ್ನ ಸಾಹೇಬರ ಮುಂದ ಹೇಳತೀಯೇನು?"

"ಹೇಳತೀನ್ರಿ," ಎಂದ. ಅವನ ಕಣ್ಣಲ್ಲಿ ನೀರಿತ್ತು.

ಹಂಪಮ್ಮ ನನ್ನ ಕಡೆ ತಿರುಗಿದರು. "ಇದ್ದದ್ದು ಇದ್ದಂಗ ಬರೀರಿ. ನನ್ನ ಗಂಡ ಮಲಗಿದ್ದು, ಇವನ ಅವ್ವ ಮಲಗಿದ್ದು, ನೀವು ಕೇಳದ ಬಿಟ್ಟದ್ದು. ಎಲ್ಲಾನೂ."

ಬರೆದೆ. ನನ್ನ ತಪ್ಪನ್ನು ನನ್ನ ಕೈಯಿಂದಲೇ ಇಂಗ್ಲಿಷಿನಲ್ಲಿ ಬರೆಯುವುದು ಅಪೀಲು ಬರೆಯುವುದಕ್ಕಿಂತ ಕಷ್ಟವಾಯಿತು. ಮೂರು ಹಾಳೆ ಹರಿದೆ.

ಅಪೀಲು ಕೇಳುವ ಅಧಿಕಾರಿ ದಂಡಿನ ಪ್ರದೇಶದ ಒಂದು ಬಂಗಲೆಯಲ್ಲಿ ಕ್ಯಾಂಪು ಮಾಡಿದ್ದರು. ವಯಸ್ಸಾದವರು, ತೆಲುಗಿನವರು, ನಗದ ಮುಖ. ತಡವಾದದ್ದಕ್ಕೆ ಸರಿಯಾದ ಕಾರಣವಿದೆ ಎಂದು ಅವರಿಗೆ ಅನ್ನಿಸಿದರೆ ಮಾತ್ರ ಅಪೀಲು ತೆಗೆದುಕೊಳ್ಳಬಹುದು. ಇಲ್ಲವಾದರೆ ಅಲ್ಲಿಗೇ ಮುಗಿಯಿತು. ಅವರು ನನ್ನ ಹಾಳೆಯನ್ನು ಎರಡು ಸಲ ಓದಿದರು. ಚೀಟಿಯನ್ನು ತಿಪ್ಪಣ್ಣನ ಮುಂದೆ ಹಿಡಿದರು.

"ಈ ಸಂತಕಂ ನೀದೇನಾ?"

"ನಾದೇನಂಡಿ," ಎಂದ ತಿಪ್ಪಣ್ಣ, ತನ್ನದೇ ಸಹಿ ಎಂದು. ಆಮೇಲೆ ಅವ್ವನ ಜಡ್ಡಿನ ಕತೆಯನ್ನು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದ. ಅಧಿಕಾರಿ ನಡುವೆ ಒಂದೇ ಮಾತು ಕೇಳಿದರು, ಈಗ ತಾಯಿ ಹೇಗಿದ್ದಾರೆ ಎಂದು. ಅವನು ಅಡ್ಡಿಯಿಲ್ಲ ಎಂದ.

ಆಮೇಲೆ ನನ್ನನ್ನು ನೋಡಿದರು. "ನೀವು ಈ ಮನುಷ್ಯನನ್ನು ಕೇಳಲೇ ಇಲ್ಲವೇ?" ಎಂದರು ಇಂಗ್ಲಿಷಿನಲ್ಲಿ.

"ಇಲ್ಲ ಸಾರ್. ಕೇಳಬೇಕಿತ್ತು."

ಅವರು ಪೆನ್ನು ತೆಗೆದು ಬರೆಯತೊಡಗಿದರು. ಹಂಪಮ್ಮನಿಗೆ ಇಂಗ್ಲಿಷ್ ಬಾರದು. ಅವರು ಆ ಪೆನ್ನನ್ನೇ ನೋಡುತ್ತಿದ್ದರು. ಬರೆದು ಮುಗಿಸಿ, ಹಾಳೆ ತಿರುವಿ ಹಾಕಿ, ಅಧಿಕಾರಿ ಹೇಳಿದರು: "ತಡವನ್ನು ಮನ್ನಿಸಿದ್ದೇನೆ. ಈಗ ಆ ಕೂಲಿಯ ಪುಸ್ತಕ ತೋರಿಸಿ."

ನಾನು ಹಂಪಮ್ಮನ ಕಡೆ ತಿರುಗಿ "ಅಪೀಲು ತಗೊಂಡ್ರು" ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಉಳಿದದ್ದು ಸುಲಭವಾಯಿತು. ಅಧಿಕಾರಿ ಎಣ್ಣೆ ಹಿಡಿದ ಆ ಪುಸ್ತಕವನ್ನು ಪುಟ ಪುಟವೂ ನೋಡಿದರು. ಬರೆದವರು ಯಾರು ಎಂದು ಕೇಳಿದರು. ಹಂಪಮ್ಮ "ನಾನ ರೀ" ಎಂದು ಎದ್ದು ನಿಂತರು. ಅಧಿಕಾರಿ ನಾಲ್ಕೈದು ಹೆಸರು ಎತ್ತಿ, ಇವರು ಯಾವ ಊರಿನವರು, ಎಷ್ಟು ಚೀಲ ತಂದಿದ್ದರು ಎಂದು ಕೇಳಿದರು. ಹಂಪಮ್ಮ ಪುಸ್ತಕ ನೋಡದೆ ಹೇಳಿದರು. ಒಂದೂ ತಪ್ಪಲಿಲ್ಲ. ಮೂರು ವಾರದ ಮೇಲೆ ಆದೇಶ ಬಂತು. ಮೂರು ಸಾವಿರದ ಎಂಟುನೂರು ಇದ್ದದ್ದು ಆರುನೂರಾ ಹತ್ತಕ್ಕೆ ಇಳಿದಿತ್ತು. ಎರಡು ಕಂತಿನಲ್ಲಿ ಕಟ್ಟಬಹುದು ಎಂದಿತ್ತು.

ಆ ಆದೇಶ ಹಿಡಿದುಕೊಂಡು ಕುರುಗೋಡಿಗೆ ಹೋದ ದಿನ ಸುಗ್ಗಿ ಶುರುವಾಗಿತ್ತು. ಎಂಜಿನ್ನಿನ ಸದ್ದು ದೂರದಿಂದಲೇ ಕೇಳಿಸಿತು. ಅಂಗಳದ ತುಂಬ ಬಂಡಿಗಳು. ಹಂಪಮ್ಮ ತಕ್ಕಡಿಯ ಹತ್ತಿರ ಕೂತು ಅದೇ ಪುಸ್ತಕದಲ್ಲಿ ಬರೆಯುತ್ತಿದ್ದರು. ನಾನು ಆದೇಶ ಓದಿ, ಕನ್ನಡದಲ್ಲಿ ಹೇಳಿದೆ. ಅವರು ಇನ್ನೊಮ್ಮೆ ಹೇಳ್ರಿ ಎಂದರು. ಇನ್ನೊಮ್ಮೆ ಹೇಳಿದೆ. ತಿಪ್ಪಣ್ಣ ಕೆಲಸದವರಿಗೆಲ್ಲ ಬೆಲ್ಲ ಹಂಚಿದ.

"ನಿಮ್ಮ ಫೀಸು ತಗೋರಿ," ಎಂದು ಹಂಪಮ್ಮ ಸಂದೂಕದ ಕೀಲಿ ತೆಗೆದರು.

"ಬ್ಯಾಡಮ್ಮಾ. ಈ ಸಲ ತಗೊಳ್ಳಂಗಿಲ್ಲ. ನನ್ನ ತಪ್ಪಿನಿಂದ ನಿಮ್ಮ ಎಂಜಿನ್ನು ಹೋಗೋದಿತ್ತು. ಕಾಗದದಾಗ ಬರದದ್ದನ್ನ ಹೊಡದು ಹಾಕ್ರಿ."

ಇದನ್ನು ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಹೇಳಿದ ಮೇಲೆ ಹಗುರವಾಯಿತು ಎಂದುಕೊಂಡೆ. ಹಂಪಮ್ಮ ಕೀಲಿಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ಅಲ್ಲಿಯವರೆಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದವರು ಅಂದು ಮೊದಲ ಸಲ ತಮ್ಮಾ ಎಂದರು.

"ನೋಡು ತಮ್ಮಾ. ಪುಕ್ಕಟೆ ಮಾಡಿಸಿಕೊಂಡ್ರ, ಮುಂದಿನ ವರ್ಷ ನೀ ತಪ್ಪು ಮಾಡಿದಾಗ ಬೈಯಾಕ ನನಗ ಬಾಯಿ ಇರಂಗಿಲ್ಲ. ಬೈಸಿಕೊಳ್ಳದ ಲೆಕ್ಕದವನನ್ನ ಇಟಗೊಂಡು ನಾ ಏನ್ ಮಾಡಲಿ?"

ಅವರು ಸಣ್ಣ ಪುಸ್ತಕದ ಕೊನೆಯ ಪುಟ ತೆಗೆದು ತೋರಿಸಿದರು. ತಡವಾದದ್ದರಿಂದ ತಾವೂ ತಿಪ್ಪಣ್ಣನೂ ಬಳ್ಳಾರಿಗೆ ಬಂದು ಹೋದ ಬಸ್ಸಿನ ಖರ್ಚು, ಹೋಟೆಲಿನ ಊಟ, ಹೇಳಿಕೆಯ ಸ್ಟಾಂಪು ಕಾಗದ. ಎಲ್ಲ ಸೇರಿ ಐದು ರೂಪಾಯಿ ಆರಾಣೆ.

"ಇದು ನಿನ್ನಿಂದ ಆದ ಖರ್ಚು. ಇದನ್ನ ಹಿಡಕೊಂಡೀನಿ," ಎಂದು ಅರವತ್ತೊಂಬತ್ತು ರೂಪಾಯಿ ಹತ್ತಾಣೆ ಎಣಿಸಿ ನನ್ನ ಮುಂದಿಟ್ಟರು. "ಎರಡು ವಾರ ನಾ ಹೆದರಿದ್ದಕ್ಕ ಎಷ್ಟು ಹಿಡೀಬೇಕು, ಭಾಳ ಯೋಚನಿ ಮಾಡಿದೆ. ಗೊತ್ತಾಗಲಿಲ್ಲ. ಅದನ್ನ ಬಿಟ್ಟೀನಿ."

ಅಲ್ಲೇ ಚೀಲದ ಮೇಲೆ ಕೂತು ರಸೀದಿ ಬರೆದೆ. ಐದು ರೂಪಾಯಿ ಆರಾಣೆಯನ್ನು ಯಾಕೆ ಹಿಡಿದದ್ದು ಎಂಬುದನ್ನೂ ಬರೆಯಬೇಕು ಎಂದರು, ಬರೆದೆ. ಅವರು ಓದಿ ನೋಡಿ, ಮಡಚಿ ಸಂದೂಕದಲ್ಲಿಟ್ಟು, "ಈ ವರ್ಷದ ಪುಸ್ತಕ ಯುಗಾದಿ ಆದಮ್ಯಾಲ ತಯಾರ ಇರತಾವ, ಬಂದುಬಿಡು. ಈಗ ಒಳಗ ಹೋಗಿ ಊಟ ಮಾಡು, ರೊಟ್ಟಿ ಆರತಾವ," ಎಂದು ತಕ್ಕಡಿಯ ಕಡೆ ತಿರುಗಿದರು. ಅಲ್ಲಿ ಮುಂದಿನ ಬಂಡಿಯವನು ಚೀಲ ಇಳಿಸಿಕೊಂಡು ಕಾಯುತ್ತಿದ್ದ.